ಬಂದದ್ದೆಷ್ಟು ಎಂದು ಯಾರೂ ಹೇಳದ ಬಜೆಟ್

ನಿನ್ನೆ ನಮ್ಮ ಪುರಸಭೆಯಲ್ಲಿ 2025-26ನೇ ಸಾಲಿನ ಬಜೆಟ್ ಮಂಡನೆಯಾಯಿತು. ಅಧ್ಯಕ್ಷರು ಓದಿದರು, ಸದಸ್ಯರು ಮೇಜು ತಟ್ಟಿದರು, ಗಂಟೆಯೊಳಗೆ ಅನುಮೋದನೆಯೂ ಮುಗಿದು ಎಲ್ಲರೂ ಊಟಕ್ಕೆ ಎದ್ದರು. ಇಂದು ಬೆಳಿಗ್ಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ: ಪುರಸಭೆಯಿಂದ ಉಳಿತಾಯ ಬಜೆಟ್. ನಿಮ್ಮ ಊರಿನ ಬಗ್ಗೆಯೂ ಫೆಬ್ರುವರಿ, ಮಾರ್ಚ್‌ನಲ್ಲಿ ಇದೇ ಸಾಲನ್ನು ಓದಿರುತ್ತೀರಿ. ನನಗಂತೂ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಉಳಿತಾಯವಿದ್ದರೆ ಹೊರಗುತ್ತಿಗೆಯ ನೀರುಗಂಟಿಗಳು ಸಂಬಳಕ್ಕಾಗಿ ಕಚೇರಿಯ ಮೆಟ್ಟಿಲ ಮೇಲೆ ಏಕೆ ಕೂರಬೇಕು? ಬೀದಿದೀಪದ ವಿದ್ಯುತ್ ಬಿಲ್ ಏಕೆ ಬಾಕಿ ಬೀಳಬೇಕು? ಚರಂಡಿ ಕಟ್ಟಿ ಮುಗಿಸಿದ ಸಣ್ಣ ಗುತ್ತಿಗೆದಾರ ಬಿಲ್ ಹಿಡಿದು ಎಷ್ಟು ದಿನ ಅಲೆಯಬೇಕು?

ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆದೇ ನೌಕರಿ ಮುಗಿಸಿದವಳು ಎಂಬುದು ನಿಮಗೆ ಗೊತ್ತು. ಹಾಗಾಗಿ ಬಜೆಟ್ ಪುಸ್ತಿಕೆ ಕೈಗೆ ಬಂದ ಕೂಡಲೇ ಕಾಲಂ ನೋಡುವುದು ಅಭ್ಯಾಸ. ಕಳೆದ ವರ್ಷದ ಅಂದಾಜು ಒಂದು ಕಡೆ, ಈ ವರ್ಷದ ಅಂದಾಜು ಅದರ ಪಕ್ಕದಲ್ಲಿ. ಅವೆರಡರ ನಡುವೆ ಕಳೆದ ವರ್ಷ ನಿಜವಾಗಿ ಬಂದ ಮೊತ್ತ ಇರಬೇಕಾದ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ಅಡ್ಡಗೆರೆಗಳು. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಯಾವುದರ ಮುಂದೆಯೂ ಅಂಕಿ ಇಲ್ಲ. ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಇಂಥ ಹಾಳೆ ಹಂಚಿದ್ದರೆ ಹಾಲು ಹಾಕುವ ರೈತರೇ ನಮ್ಮನ್ನು ವೇದಿಕೆಯಿಂದ ಇಳಿಸುತ್ತಿದ್ದರು. ಪುರಸಭೆಯಲ್ಲಿ ಒಬ್ಬ ಸದಸ್ಯರೂ ಕೇಳಲಿಲ್ಲ.

ಈ ಉಳಿತಾಯ ಹುಟ್ಟುವ ಬಗೆ ಹೀಗೆ. ಮೊದಲು ಪ್ರತಿ ವಾರ್ಡಿನ ಸದಸ್ಯರು ಕೇಳಿದ ಕಾಮಗಾರಿಗಳನ್ನೆಲ್ಲ ಖರ್ಚಿಗೆ ಬರೆಯುತ್ತಾರೆ. ಆಮೇಲೆ ಅದಕ್ಕೆ ಸರಿದೂಗುವಷ್ಟು ಆದಾಯವನ್ನು ಏರಿಸುತ್ತಾರೆ: ಬರಬಹುದಾದ ಅನುದಾನ, ನಡೆಯಬಹುದಾದ ಹರಾಜು, ವಸೂಲಾಗಬಹುದಾದ ಹಳೆಯ ಬಾಕಿ. ಕೊನೆಗೆ ಒಂದಿಷ್ಟು ಲಕ್ಷ ಮಿಕ್ಕಂತೆ ಕಾಣುತ್ತದೆ. ವರ್ಷ ಶುರುವಾದ ಮೇಲೆ ಅಷ್ಟು ಹಣ ಬರುವುದಿಲ್ಲ. ಆಗ ಯಾವ ಕೆಲಸ ಉಳಿಯಬೇಕು, ಯಾವುದು ಬಿಡಬೇಕು ಎಂಬುದು ಸಭೆಯಲ್ಲಿ ತೀರ್ಮಾನವಾಗುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಆಗುತ್ತದೆ. ಪ್ರಭಾವ ಇದ್ದವರ ಬೀದಿಗೆ ಕಾಂಕ್ರೀಟ್ ಬೀಳುತ್ತದೆ, ಕೆರೆಯಂಚಿನ ಬಡಾವಣೆಗೆ ಮುಂದಿನ ವರ್ಷದ ಪುಸ್ತಿಕೆಯಲ್ಲಿ ಮತ್ತೊಂದು ಸಾಲು ಸಿಗುತ್ತದೆ. ನನ್ನ ಸಿಟ್ಟಿಗೆ ಕಾರಣ ಇದೇ. ಕೊರತೆ ಇದ್ದರೆ ಕೊರತೆ ಎಂದೇ ಹೇಳಲಿ, ಯಾವುದನ್ನು ಬಿಡಬೇಕು ಎಂಬ ಜಗಳ ಎಲ್ಲರೆದುರು ನಡೆಯಲಿ.

ಪಟ್ಟಣಗಳಿಗೆ ಸ್ವಂತ ಆದಾಯ ಕಡಿಮೆ ಎಂಬುದು ನಿಜ. ಊರೊಳಗೆ ಬರುವ ಸರಕಿನ ಮೇಲೆ ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಎಂಬ ಸುಂಕ ಕರ್ನಾಟಕದಲ್ಲಿ 1979ರಲ್ಲೇ ರದ್ದಾಯಿತು. ಅಂದಿನಿಂದ ಊರಿನ ಆಡಳಿತ ಸರ್ಕಾರದ ಅನುದಾನದತ್ತ ಕತ್ತೆತ್ತಿ ನೋಡುವಂತಾಗಿದೆ. ಬರುವ ಅನುದಾನಕ್ಕೂ ಕಟ್ಟುಪಾಡುಗಳಿವೆ. ಕೇಂದ್ರದ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಸಣ್ಣ ಪಟ್ಟಣಗಳಿಗೆ ಗೊತ್ತುಮಾಡಿದ ಹಣದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು, ಉಳಿದದ್ದನ್ನೂ ಸಂಬಳಕ್ಕೆ ಮುಟ್ಟುವಂತಿಲ್ಲ. ಹಾಗಾದರೆ ಊರು ತನ್ನ ಇಷ್ಟದಂತೆ ಖರ್ಚು ಮಾಡಬಹುದಾದ ಹಣ ಎಂದರೆ ತಾನೇ ವಸೂಲು ಮಾಡುವ ತೆರಿಗೆ, ಬಾಡಿಗೆ, ಶುಲ್ಕ. ಇಷ್ಟು ಅಮೂಲ್ಯವಾದ ಹಣದ ಲೆಕ್ಕವೇ ಅಡ್ಡಗೆರೆಯಲ್ಲಿ ಮುಗಿದರೆ ಹೇಗೆ?

ಬಸ್ ನಿಲ್ದಾಣದ ಪಕ್ಕದ ಪುರಸಭೆ ಮಳಿಗೆಗಳನ್ನೇ ನೋಡಿ. ಊರಿನಲ್ಲಿ ಅದಕ್ಕಿಂತ ವ್ಯಾಪಾರದ ಜಾಗ ಇಲ್ಲ. ಹರಾಜಿನಲ್ಲಿ ಹಿಡಿದವರ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಮರುಹರಾಜು ಆಗಿಲ್ಲ. ಪುರಸಭೆಗೆ ಹಳೆಯ ದರದ ಬಾಡಿಗೆ, ಅದೂ ಬಾಕಿ. ಒಳಗೆ ಮೊಬೈಲ್ ರಿಪೇರಿ ಮಾಡುವ ಹುಡುಗ ಮಾತ್ರ ಅದರ ಹಲವು ಪಟ್ಟು ಒಳಬಾಡಿಗೆಯನ್ನು ತಿಂಗಳು ತಪ್ಪದೆ ಕಟ್ಟುತ್ತಾನೆ. ಆ ಹಣ ಊರಿಗೆ ಸೇರುತ್ತಿಲ್ಲ. ಅಲ್ಲಿ ಒಂದು ಮಳಿಗೆ ನನ್ನ ಸೋದರಮಾವನ ಮಗನ ಹೆಸರಿನಲ್ಲೇ ಇದೆ. ಇದನ್ನು ಓದಿ ಅವನು ಮಾತು ಬಿಡಬಹುದು, ಮನೆಯ ಹಬ್ಬಕ್ಕೆ ಕರೆಯದೆಯೂ ಇರಬಹುದು. ನನಗೆ ಬೇಸರವಾಗುತ್ತದೆ, ಆದರೂ ಬರೆಯುತ್ತೇನೆ.

“ಜನ ತೆರಿಗೆ ಕಟ್ಟುವುದಿಲ್ಲ, ಪುರಸಭೆ ಏನು ಮಾಡಬೇಕು?” ಎಂದು ನಿನ್ನೆ ಸಭೆಯ ನಂತರ ಒಬ್ಬ ಸದಸ್ಯರು ನನ್ನನ್ನೇ ಕೇಳಿದರು. ಕಟ್ಟದವರು ಇದ್ದಾರೆ, ಒಪ್ಪುತ್ತೇನೆ. ಆದರೆ ಏಪ್ರಿಲ್ ತಿಂಗಳಲ್ಲಿ ಶೇ 5ರ ರಿಯಾಯಿತಿಗಾಗಿ ಬಿಸಿಲಲ್ಲಿ ಸಾಲು ನಿಲ್ಲುವವರೂ ಜನರೇ. ಹೆಚ್ಚಿನವರು ಪಿಂಚಣಿದಾರರು, ಸಣ್ಣ ಮನೆಯವರು. ದೊಡ್ಡ ಕಲ್ಯಾಣ ಮಂಟಪದವರನ್ನು ಆ ಸಾಲಿನಲ್ಲಿ ನಾನು ಕಂಡಿಲ್ಲ. ಕಟ್ಟುವವರಿಗೆ ಸಿಗುವುದಾದರೂ ಏನು? ರಸೀದಿ ತೆಗೆದು ನೋಡಿ: ತೆರಿಗೆಯ ಮೇಲೆ ಶೇ 15 ಆರೋಗ್ಯ ಕರ, ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ. ನಾವು ಗ್ರಂಥಾಲಯ ಕರ ತಪ್ಪದೆ ಕಟ್ಟುತ್ತಿದ್ದರೂ ಊರಿನ ಗ್ರಂಥಾಲಯದಲ್ಲಿ ವಾರಪತ್ರಿಕೆಗಳು ನಿಂತುಹೋಗಿವೆ. ಕೊಟ್ಟ ಹಣ ಎಲ್ಲಿ ಹೋಯಿತು ಎಂದು ತೋರಿಸಿ, ಆಮೇಲೆ ಕೊಡದವರ ಮನೆ ಬಾಗಿಲಿಗೆ ಹೋಗಿ. ಆಗ ನಾನೂ ಬಿಲ್ ಕಲೆಕ್ಟರ್ ಜೊತೆ ಬೀದಿ ಸುತ್ತುತ್ತೇನೆ.

ಸದಸ್ಯರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣ, ನಗರಗಳಲ್ಲಿ ಮತದಾನ ನಡೆಯಿತು, ಸೆಪ್ಟೆಂಬರ್ 3ಕ್ಕೆ ಫಲಿತಾಂಶವೂ ಬಂತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಲ್ಲಿ ಹೆಚ್ಚಿನ ಕಡೆ 2020ರ ಕೊನೆಯವರೆಗೂ ಅಧ್ಯಕ್ಷರೇ ಇರಲಿಲ್ಲ. ಆಮೇಲೆ ಬಂದ ಅಧ್ಯಕ್ಷರ ಮೂವತ್ತು ತಿಂಗಳ ಮೊದಲ ಅವಧಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿಗೆ 2024ರ ಆಗಸ್ಟ್‌ವರೆಗೆ ಮತ್ತೆ ಕಾಯಬೇಕಾಯಿತು. ಗೆದ್ದವರು ಮನೆಯಲ್ಲಿ, ಆಡಳಿತಾಧಿಕಾರಿ ಕುರ್ಚಿಯಲ್ಲಿ. ಪಟ್ಟಣಗಳ ಚುನಾಯಿತ ಆಡಳಿತಕ್ಕೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಇಷ್ಟು ವರ್ಷಗಳ ನಂತರವೂ ಮೀಸಲಾತಿ ಪಟ್ಟಿಯನ್ನು ಚುನಾವಣೆಗೆ ಮೊದಲೇ, ವ್ಯಾಜ್ಯಕ್ಕೆ ಎಡೆಯಿಲ್ಲದಂತೆ ಹೊರಡಿಸಲು ಸರ್ಕಾರಕ್ಕೆ ಆಗದಿರುವುದು ಅಕ್ಷಮ್ಯ. ಮೂವತ್ತು ತಿಂಗಳಿಗೊಬ್ಬ ಅಧ್ಯಕ್ಷರು ಎಂಬ ಪದ್ಧತಿಯೂ ಹೋಗಬೇಕು. ಮಳಿಗೆ ಖಾಲಿ ಮಾಡಿಸುವ ಧೈರ್ಯ ಮಾಡಲು ಪೂರ್ತಿ ಐದು ವರ್ಷ ಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಜೆಟ್ ಹಂಚಿಕೆ ಮತ್ತು ವೆಚ್ಚದ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಮುಂದಿನ ಸಾಮಾನ್ಯ ಸಭೆಗೆ ಮೊದಲು ಮುಖ್ಯಾಧಿಕಾರಿಗಳಿಗೆ ಮನವಿ ಕೊಡುತ್ತಿದ್ದೇನೆ. ಕಚೇರಿಯವರು ಡಿಸಿಬಿ ಎನ್ನುವ ತಖ್ತೆ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕ, ವಾರ್ಡುವಾರು ಪ್ರತಿ ತಿಂಗಳು ಸೂಚನಾ ಫಲಕಕ್ಕೆ ಬರಬೇಕು. ಪ್ರತಿ ಮಳಿಗೆಯ ಬಾಡಿಗೆ, ಅವಧಿ, ಬಾಕಿ ಅದರ ಪಕ್ಕದಲ್ಲೇ ಇರಬೇಕು. ಬಜೆಟ್ ಪುಸ್ತಿಕೆಯ ಆ ಕಾಲಂ ತುಂಬಿಸಿ ಮತ್ತೆ ಸಭೆಯ ಮುಂದಿಡಬೇಕು. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬನ್ನಿ. ಇತ್ತೀಚಿನ ತೆರಿಗೆ ರಸೀದಿಯ ಜೆರಾಕ್ಸ್ ಪ್ರತಿ ತನ್ನಿ, ಮನವಿಗೆ ಲಗತ್ತಿಸಬೇಕು.