ಕೊನೆಯವರು ಕೆಳಗಿಳಿಯಬೇಕೆ? ಸಿಕ್ಸ್ ನೇಷನ್ಸ್ ರಗ್ಬಿ: ಪರ-ವಿರೋಧ

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್, ಇಟಲಿ. ಪ್ರತಿ ವರ್ಷ ಫೆಬ್ರವರಿ-ಮಾರ್ಚ್‌ನಲ್ಲಿ ಈ ಆರು ತಂಡಗಳು ಪರಸ್ಪರ ಒಂದೊಂದು ಪಂದ್ಯ ಆಡುತ್ತವೆ. ಕೊನೆಗೆ ಉಳಿದವರಿಗೆ ‘ಮರದ ಚಮಚ’ ಎಂಬ ಅಣಕದ ಬಿರುದು ಸಿಗುತ್ತದೆ, ಬೇರೆ ಶಿಕ್ಷೆಯಿಲ್ಲ. ಒಂದು ಮೆಟ್ಟಿಲು ಕೆಳಗೆ ಜಾರ್ಜಿಯಾ ವರ್ಷಗಳಿಂದ ಕಾದು ನಿಂತಿದೆ. ಕೊನೆಯ ಸ್ಥಾನದವರು ಕೆಳಗಿನ ದರ್ಜೆಯ ಚಾಂಪಿಯನ್ನರ ಜೊತೆ ಒಂದು ಪಂದ್ಯ ಆಡಿ, ಸೋತರೆ ಜಾಗ ಬಿಡಬೇಕೆ? ಇಬ್ಬರು ಅಭಿಮಾನಿಗಳಿಗೆ ಒಂದೊಂದು ಪಕ್ಷ ವಹಿಸಿ ಕೇಳಿದೆವು.

ಪರ: ಪಂಕ್ತಿಭೇದ ಸಾಕು

ಮೊದಲೇ ಹೇಳಿಬಿಡುತ್ತೇನೆ, ‘ಪರ’ ನಾನಾಗಿ ಆರಿಸಿಕೊಂಡದ್ದಲ್ಲ, ನನ್ನ ಪಾಲಿಗೆ ಬಂದದ್ದು. ವಿರೋಧ ಬರೆಯುವವರು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲೇ ಮನೆ ಮಾಡಿಕೊಂಡಿದ್ದಾರೆ. ನಾನು ಬೆಂಗಳೂರಿನಲ್ಲಿ ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಪಂದ್ಯ ನೋಡುವವ. ಅವರಷ್ಟು ಭಾವುಕವಾಗಿ ಬರೆಯಲು ನನ್ನಿಂದಾಗದು. ಆದರೆ ಲೆಕ್ಕ ನನ್ನ ಕಡೆ ಇದೆ.

ಪಂಕ್ತಿಯಲ್ಲಿ ಕೂತವರು ಎಲೆಯಲ್ಲಿದ್ದುದನ್ನು ಮುಟ್ಟದಿದ್ದರೂ ಏಳುವುದಿಲ್ಲ, ಹಸಿದವರು ಬಾಗಿಲಲ್ಲೇ ನಿಂತಿರಬೇಕು. ಸಿಕ್ಸ್ ನೇಷನ್ಸ್ ನಡೆಯುತ್ತಿರುವುದು ಹೀಗೆ. 2015ರಿಂದ 2022ರವರೆಗೆ ಇಟಲಿ ಈ ಟೂರ್ನಿಯಲ್ಲಿ ಸತತ 36 ಪಂದ್ಯ ಸೋತಿತು. 2016ರಿಂದ 2023ರವರೆಗೆ ಮರದ ಚಮಚ ಎಂಟು ವರ್ಷ ಅದೇ ಮನೆಗೆ ಹೋಯಿತು. ಏಳಿ ಎಂದವರುಂಟೆ? 2024 ಮತ್ತು 2025ರಲ್ಲಿ ಚಮಚ ವೇಲ್ಸ್ ಪಾಲಾಯಿತು. ಟೂರ್ನಿಯ ಒಳಗೂ ಹೊರಗೂ ಸೇರಿ ಸಾಲಾಗಿ 18 ಟೆಸ್ಟ್ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯ) ಸೋತ ಮೇಲೆ 2025ರ ಜುಲೈನಲ್ಲಿ ಜಪಾನಿನ ಕೋಬೆಯಲ್ಲಿ ಅವರಿಗೊಂದು ಗೆಲುವು ಸಿಕ್ಕಿತು.

ಇತ್ತ ಜಾರ್ಜಿಯಾ 2018ರಿಂದ 2025ರವರೆಗೆ ಕೆಳಗಿನ ದರ್ಜೆಯ ರಗ್ಬಿ ಯುರೋಪ್ ಚಾಂಪಿಯನ್‌ಶಿಪ್ ಅನ್ನು ಒಂದು ವರ್ಷವೂ ಬಿಡದೆ ಗೆದ್ದಿದೆ. 2022ರ ಜುಲೈನಲ್ಲಿ ಬಟುಮಿಯಲ್ಲಿ ಇಟಲಿಯನ್ನು 28-19ರಿಂದ ಸೋಲಿಸಿತು. ಅದೇ ನವೆಂಬರ್‌ನಲ್ಲಿ ಕಾರ್ಡಿಫ್‌ಗೇ ಹೋಗಿ ವೇಲ್ಸ್ ವಿರುದ್ಧ 13-12ರಿಂದ ಗೆದ್ದಿತು. ಬದಲಿ ಆಟಗಾರನಾಗಿ ಇಳಿದ ಲೂಕಾ ಮಟ್ಕಾವಾ ಕೊನೆಯ ನಿಮಿಷಗಳಲ್ಲಿ ಪೆನಾಲ್ಟಿ ಒದ್ದು ಪಂದ್ಯ ಮುಗಿಸಿದ. ಇನ್ನೇನು ಪುರಾವೆ ಬೇಕು? ಎರಡೂ ಕಡೆಯವರು ಭುಜಕ್ಕೆ ಭುಜ ಬೆಸೆದು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ಜಾರ್ಜಿಯಾದವರು ಎಂಥವರೆಂದು ಮೇಲಿನವರಿಗೂ ಗೊತ್ತು. ಇಂಗ್ಲೆಂಡ್ ತಂಡ ಸಿಕ್ಸ್ ನೇಷನ್ಸ್ ನಡುವೆಯೇ ಸ್ಕ್ರಮ್ ಅಭ್ಯಾಸಕ್ಕೆಂದು ಅವರನ್ನು ಆಕ್ಸ್‌ಫರ್ಡ್‌ಗೆ ಕರೆಸಿಕೊಂಡಿತ್ತು. ಅಡುಗೆ ಮಾಡಲು ಬೇಕು, ಪಂಕ್ತಿಗೆ ಬೇಡ. ಇದಕ್ಕೆ ನಮ್ಮಲ್ಲಿ ಏನೆನ್ನುತ್ತೇವೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

‘ಪರಂಪರೆ’ ಎನ್ನುತ್ತಾರೆ. ಯಾವ ಪರಂಪರೆ? 1883ರಲ್ಲಿ ನಾಲ್ಕೇ ತಂಡ ಇದ್ದವು. 1910ರಲ್ಲಿ ಫ್ರಾನ್ಸ್ ಬಂತು. ಆಟಗಾರರಿಗೆ ಕದ್ದು ಹಣ ಕೊಡುತ್ತಾರೆ, ಮೈದಾನದಲ್ಲಿ ಹೊಡೆದಾಡುತ್ತಾರೆ ಎಂದು 1931ರ ನಂತರ ಅದೇ ಫ್ರಾನ್ಸನ್ನು ಹೊರಹಾಕಿದರು, 1947ರಲ್ಲಿ ಮತ್ತೆ ಸೇರಿಸಿಕೊಂಡರು. 2000ದಲ್ಲಿ ಇಟಲಿಯನ್ನು ಕರೆದರು. ಹೊರಹಾಕುವುದೂ ಸೇರಿಸುವುದೂ ಇವರಿಗೆ ಹೊಸದಲ್ಲ.

ನಮ್ಮ ರಣಜಿ ನೋಡಿ. ಎಲೀಟ್, ಪ್ಲೇಟ್ ಎಂದು ಎರಡು ವಿಭಾಗ. ಕೆಳಗೆ ಗೆದ್ದವರು ಹತ್ತುತ್ತಾರೆ, ಮೇಲೆ ಸೋತವರು ಇಳಿಯುತ್ತಾರೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ಹೊಸಬರು ಬಂದರೆ ಪಂದ್ಯ ಒಂದು ಕಡೆಗೇ ವಾಲುತ್ತದೆ ಎಂಬ ಮಾತೂ ಇದೆ. 2018ರ ಜೂನ್‌ನಲ್ಲಿ ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ನಾನು ಎರಡೂ ದಿನ ಹೋಗಿದ್ದೆ, ಮೂರನೆಯ ದಿನ ಇರಲೇ ಇಲ್ಲ. ಮೊದಲ ದಿನ ಊಟಕ್ಕೆ ಮೊದಲೇ ಶಿಖರ್ ಧವನ್ ಶತಕ ಹೊಡೆದಾಗಿತ್ತು. ಎರಡನೆಯ ದಿನ ಒಂದೇ ಹಗಲಿನಲ್ಲಿ 24 ವಿಕೆಟ್ ಬಿದ್ದವು, ಅದರಲ್ಲಿ 20 ಅಫ್ಘನ್ನರವು. ನನ್ನ ಪಕ್ಕ ಕೂತಿದ್ದವರು ‘ಐದು ದಿನದ ಟಿಕೆಟ್ ತಗೊಂಡಿದ್ದೆ ಸ್ವಾಮಿ’ ಎಂದು ಗೊಣಗುತ್ತಾ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದರು, ನನಗೂ ಒಂದಿಷ್ಟು ಕೊಟ್ಟರು. ಸಂಜೆ ಅಜಿಂಕ್ಯ ರಹಾನೆ ಟ್ರೋಫಿ ತೆಗೆದುಕೊಂಡು ಸೋತವರನ್ನೂ ಫೋಟೊಗೆ ಕರೆದರು. ಗೊಣಗುತ್ತಿದ್ದ ಅದೇ ಮನುಷ್ಯ ಎದ್ದು ನಿಂತು ಚಪ್ಪಾಳೆ ಹೊಡೆದ. ಮರುವರ್ಷ ಡೆಹ್ರಾಡೂನಿನಲ್ಲಿ ಅಫ್ಘನ್ನರು ಐರ್ಲೆಂಡನ್ನು ಸೋಲಿಸಿದರು. ಕರೆದರೆ ತಾನೆ ಕಲಿಯುವುದು?

ವೇಲ್ಸ್ ಕೆಳಗಿಳಿದರೆ ಏನು ಗತಿ ಎಂದು ಸ್ಕಾರ್ಫಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುವವರಿದ್ದಾರೆ. ಏನೂ ಆಗುವುದಿಲ್ಲ. ಒಂದು ವರ್ಷ ಕೆಳಗೆ ಆಡಿ ಗೆದ್ದು ಬರಲಿ. ಟೀವಿ ಹಣದ ಪಾಲು, ಟಿಕೆಟ್ ವರಮಾನ, ಒಂದು ವರ್ಷ ಕೈಬಿಟ್ಟರೆ ಮತ್ತೆ ಎದ್ದು ನಿಲ್ಲುವಷ್ಟು ಕಾಸು ಉಳಿದಿರುತ್ತದೆಯೇ ಎಂಬ ಪ್ರಶ್ನೆಯೊಂದಿದೆ. ಅದನ್ನು ಬಿಡಿಸುತ್ತ ಕೂತರೆ ನನ್ನ ವಾದ ಸ್ವಲ್ಪ ಅಲುಗಾಡುತ್ತದೆ, ನಿಜ. ಅದನ್ನು ಬರೆಯಲು ಬೇರೆಯವರನ್ನು ಗೊತ್ತುಮಾಡಿದ್ದಾರೆ.

ವಿರೋಧ: ಜಾತ್ರೆಗೆ ಹಿಂಬಡ್ತಿ ಇಲ್ಲ

ನಾನು ಶಿರಸಿಯವಳು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಮ್ಮ ರಥವೇರಿ ಬಿಡಕಿಬೈಲಿಗೆ ಬಂದು ಗದ್ದುಗೆಯಲ್ಲಿ ಕೂತರೆ ಊರಿಗೆ ಊರೇ ಅಲ್ಲಿರುತ್ತದೆ. ‘ಈ ಸಲ ನಿಮ್ಮ ಕೇರಿಯವರು ಸರಿಯಾಗಿ ತೇರು ಎಳೆಯಲಿಲ್ಲ, ಮುಂದಿನ ಜಾತ್ರೆಗೆ ನೀವು ಬರುವುದು ಬೇಡ, ಪಕ್ಕದ ತಾಲ್ಲೂಕಿನವರು ಚೆನ್ನಾಗಿ ಎಳೆಯುತ್ತಾರಂತೆ’ ಎಂದು ಯಾರಾದರೂ ಹೇಳಿದ್ದುಂಟೆ?

ಸಿಕ್ಸ್ ನೇಷನ್ಸ್ ಲೀಗ್ ಅಲ್ಲ, ಜಾತ್ರೆ. ನನ್ನ ವಾದ ಇಷ್ಟೇ. ಪಾಯಿಂಟ್ಸ್ ಪಟ್ಟಿ ಹಿಡಿದುಕೊಂಡು ಜಾತ್ರೆಗೆ ಬರುವವರಿಗೆ ಬೆಂಡು-ಬತ್ತಾಸಿನ ರುಚಿ ಗೊತ್ತಾಗುವುದಿಲ್ಲ. ‘ಪರ’ ಬರೆಯುವವರು ರಣಜಿ ತೆಗೆದೇ ತೆಗೆಯುತ್ತಾರೆ, ನೋಡುತ್ತಿರಿ. ಕರ್ನಾಟಕ ಪ್ಲೇಟ್‌ಗೆ ಇಳಿದ ಬೆಳಿಗ್ಗೆ ಅವರು ಏನು ಬರೆಯುತ್ತಾರೋ ಅದನ್ನು ನನಗೂ ಕಳಿಸಲಿ.

ಕಾರ್ಡಿಫ್‌ನಲ್ಲಿ ಕ್ರೀಡಾಂಗಣ ಊರಾಚೆ ಇಲ್ಲ, ಪೇಟೆಯ ನಡುವೆ, ಟಾಫ್ ನದಿಯ ದಂಡೆಯಲ್ಲಿದೆ. ರೈಲಿನಿಂದ ಇಳಿದರೆ ನಡೆದೇ ಹೋಗಬಹುದು. ಪಂದ್ಯದ ದಿನ ರಸ್ತೆಗಳನ್ನು ಮುಚ್ಚುತ್ತಾರೆ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಳಗೆ, ಟಿಕೆಟ್ ಸಿಗದ ಅಷ್ಟೇ ಜನ ಹೊರಗೇನೋ ಅನ್ನಿಸುತ್ತದೆ. ತಲೆಗೆ ಡ್ಯಾಫೊಡಿಲ್ ಹೂವಿನ ಟೋಪಿ ಇಟ್ಟುಕೊಂಡ ಗಂಡಸರು, ಕೆಂಪು ಅಂಗಿ ತೊಟ್ಟ ಎಳೆಕೂಸುಗಳು. ಮೊದಲ ವರ್ಷ ಡ್ಯೂಟಿ ಮುಗಿಸಿ ಮನೆಗೆ ಹೊರಟವಳು ಈ ಗದ್ದಲದಲ್ಲಿ ಸಿಕ್ಕಿಹಾಕಿಕೊಂಡು, ಗುರುತಿಲ್ಲದವರು ಕೊಟ್ಟ ಬಿಸಿ ಚಿಪ್ಸ್ ತಿಂದು ಅಲ್ಲೇ ಗೋಡೆಗೊರಗಿ ನಿಂತಿದ್ದೆ. ಒಳಗಿನಿಂದ ನಾಡಗೀತೆ ಕೇಳಿಸಿತು. 1905ರಲ್ಲಿ ಇದೇ ಜಾಗದಲ್ಲಿ ನ್ಯೂಜಿಲೆಂಡಿನವರು ಹಾಕಾ ಕುಣಿದು ನಿಂತಾಗ ವೇಲ್ಸ್‌ನವರು ಉತ್ತರವಾಗಿ ಇದನ್ನು ಹಾಡಿದರು, ಜನವೆಲ್ಲ ದನಿಗೂಡಿಸಿತು, ಪಂದ್ಯವನ್ನೂ 3-0ರಿಂದ ಗೆದ್ದರು. ಪಂದ್ಯಕ್ಕೆ ಮೊದಲು ನಾಡಗೀತೆ ಹಾಡುವ ರೂಢಿ ಶುರುವಾದದ್ದೇ ಅಲ್ಲಿಂದ ಎನ್ನುತ್ತಾರೆ. ವೇಲ್ಸ್‌ಗೆ ವಿಶ್ವಸಂಸ್ಥೆಯಲ್ಲಿ ಕುರ್ಚಿಯಿಲ್ಲ, ಒಲಿಂಪಿಕ್ಸ್‌ನಲ್ಲಿ ಬಾವುಟವಿಲ್ಲ. ಈ ಐದು ಶನಿವಾರಗಳಲ್ಲಿ ಅದೊಂದು ದೇಶ.

ಪಕ್ಕದ ಮನೆಯಲ್ಲೊಬ್ಬರು ಅಜ್ಜ ಇದ್ದಾರೆ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನಗೆ ರಗ್ಬಿ ಕಲಿಸಿದ್ದು ಅವರೇ, ಅದೂ ನಮ್ಮ ಅಡುಗೆಮನೆಯ ಮೇಜಿನ ಮೇಲೆ. 1999ರ ಏಪ್ರಿಲ್. ಕಾರ್ಡಿಫ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತಿದ್ದರಿಂದ ವೇಲ್ಸ್‌ನ ತವರು ಪಂದ್ಯ ಲಂಡನ್ನಿನ ವೆಂಬ್ಲಿಯಲ್ಲಿ. ಎದುರು ಇಂಗ್ಲೆಂಡ್. ಇಂಗ್ಲೆಂಡ್ ಗೆದ್ದರೆ ಎಲ್ಲ ಪಂದ್ಯವನ್ನೂ ಗೆದ್ದು ಪ್ರಶಸ್ತಿ ಅವರದೇ, ಈಗಿನಂತೆ ಐದಕ್ಕೆ ಐದಲ್ಲ, ಆಗ ನಾಲ್ಕಕ್ಕೆ ನಾಲ್ಕು, ಇಟಲಿ ಇನ್ನೂ ಬಂದಿರಲಿಲ್ಲ. ಕೊನೆಯ ನಿಮಿಷಗಳಲ್ಲೂ ಇಂಗ್ಲೆಂಡೇ ಮುಂದೆ. ಅಜ್ಜ ಸಕ್ಕರೆ ಡಬ್ಬಿಯನ್ನು ಇಲ್ಲಿಟ್ಟರು, ಇದು ವೇಲ್ಸ್ ಆಟಗಾರ ಹೌಲಿ. ಉಪ್ಪಿನ ಬಟ್ಟಲು ಅಲ್ಲಿ, ಇದು ಅವನ ಜೊತೆಗಾರ ಕ್ವಿನೆಲ್. ಅವನ ಕೈಯಲ್ಲಿ ಚೆಂಡು ನಿಲ್ಲದೆ ಕುಣಿಯಿತು, ಆದರೂ ದಾಟಿಸಿದ. ಆಮೇಲೆ ಸ್ಕಾಟ್ ಗಿಬ್ಸ್ ಬರಬೇಕು. ಅಜ್ಜ ಮೇಜಿನ ಸುತ್ತ ಕಣ್ಣಾಡಿಸಿ, ಆಯಿ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನೇ ಎತ್ತಿಕೊಂಡರು. ಗಿಬ್ಸ್ ಗಿಡ್ಡ, ದಪ್ಪ, ಎದುರಿಗೆ ಬಂದವರು ಪುಡಿಪುಡಿ. ಭರಣಿ ಲೋಟಗಳ ನಡುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಸುಳಿ ಮೇಜಿನ ಅಂಚಿಗೆ ಬಂದು ನಿಂತಿತು. ಬಿದ್ದರೆ ಎರಡು ವರ್ಷದ ಉಪ್ಪಿನಕಾಯಿ ಹೋಯಿತೆಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಗೆರೆಯಾಚೆ ಚೆಂಡು ಊರಿದರೆ ಟ್ರೈ, ಅದರ ಮೇಲೆ ಹೆಚ್ಚಿನ ಅಂಕಕ್ಕಾಗಿ ನೀಲ್ ಜೆಂಕಿನ್ಸ್ ಕನ್ವರ್ಶನ್ ಒದ್ದ. 32-31. ಇಂಗ್ಲೆಂಡ್ ಕೈಯಿಂದ ಜಾರಿದ ಪ್ರಶಸ್ತಿ ಸ್ಕಾಟ್ಲೆಂಡ್‌ಗೆ ಹೋಯಿತು. ಸ್ಕಾಟ್ಲೆಂಡಿನವರು ಇನ್ನೂ ಇವರಿಗೆ ಋಣಿಗಳು ಎಂದು ಅಜ್ಜನ ಲೆಕ್ಕ.

ಈ ಕತೆಗೆ, ಸೋತವರು ಜಾಗ ಬಿಡಬೇಕಾದ ಪ್ಲೇಆಫ್ ಪಂದ್ಯ ಎಲ್ಲಿ ಸೇರಿಸುತ್ತೀರಿ?

ಜಾರ್ಜಿಯಾ ಬಗ್ಗೆ ನನಗೆ ಮುನಿಸಿಲ್ಲ. ಆ 13-12ರ ದಿನ ನಾನೂ ಕ್ರೀಡಾಂಗಣದಲ್ಲಿದ್ದೆ. ಅದರ ಮಾತು ಈಗ ಬೇಡ. ಟೂರ್ನಿಯ ಹೊರಗೆ ಆಡುವ ನವೆಂಬರ್ ಪಂದ್ಯ ನವೆಂಬರ್ ಪಂದ್ಯವೇ. ಮರುವರ್ಷ ವಿಶ್ವಕಪ್‌ನಲ್ಲಿ, ನಾಂತ್‌ನಲ್ಲಿ, ವೇಲ್ಸ್ ಅವರನ್ನು 43-19ರಿಂದ ಸೋಲಿಸಿತು. ಅದನ್ನು ಪರ ವಾದಿಗಳು ಮರೆಯುತ್ತಾರೆ.

ಜಾರ್ಜಿಯಾದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ ಎಂದೇ ನನ್ನ ನಂಬಿಕೆ. ಅಲ್ಲಿ ಗುರಿಯಾ ಪ್ರಾಂತ್ಯದಲ್ಲಿ ಶುಖುತಿ ಎಂಬ ಹಳ್ಳಿ. ಈಸ್ಟರ್ ದಿನ ಮೇಲಿನ ಶುಖುತಿಯವರೂ ಕೆಳಗಿನ ಶುಖುತಿಯವರೂ ಸುಮಾರು 16 ಕಿಲೋ ತೂಕದ ಚರ್ಮದ ಚೆಂಡಿಗಾಗಿ ಕಾದಾಡುತ್ತಾರೆ. ತಂಡಕ್ಕೆ ಇಷ್ಟೇ ಜನ ಎಂದಿಲ್ಲ. ಎರಡು ಹಳ್ಳದ ನಡುವೆ ಬೆವರು, ಕೆಸರು, ನೂಕುನುಗ್ಗಲು. ತಮ್ಮ ಕಡೆಯ ಹಳ್ಳಕ್ಕೆ ಚೆಂಡು ಮುಟ್ಟಿಸಿದವರು ಗೆದ್ದಂತೆ. ಗೆದ್ದವರು ಆ ಚೆಂಡನ್ನು ತೀರಿಕೊಂಡ ಊರವರೊಬ್ಬರ ಸಮಾಧಿಯ ಮೇಲಿಟ್ಟು ಬರುತ್ತಾರೆ. ಲೇಲೋ ಎನ್ನುತ್ತಾರೆ ಆ ಆಟಕ್ಕೆ, ರಗ್ಬಿಯ ‘ಟ್ರೈ’ಗೂ ಅವರ ಭಾಷೆಯಲ್ಲಿ ಅದೇ ಮಾತು. ಕೆಳಗಿನ ಶುಖುತಿ ಹತ್ತು ವರ್ಷ ಸೋತಿತೆನ್ನಿ. ಹನ್ನೊಂದನೆಯ ಈಸ್ಟರ್‌ಗೆ ಅವರನ್ನು ಮನೆಯಲ್ಲಿ ಕೂರಿಸಿ ಪಕ್ಕದ ಹಳ್ಳಿಯನ್ನು ಕರೆಯುತ್ತಾರೆಯೇ?

ದುಡ್ಡಿನ ಮಾತು ಒಂದಿಷ್ಟು. ನಮ್ಮ ಗುಜರಾತ್ ಟೈಟನ್ಸ್ ಕೊಂಡಿದ್ದ ಸಿವಿಸಿ ಕಂಪನಿಯೇ 2021ರಲ್ಲಿ ಸಿಕ್ಸ್ ನೇಷನ್ಸ್‌ನ ಶೇ. 14.3ರಷ್ಟು ಪಾಲು ಕೊಂಡಿತು, 36.5 ಕೋಟಿ ಪೌಂಡ್‌ವರೆಗೆ ಕೊಟ್ಟು. ವೇಲ್ಸ್‌ನ ರಗ್ಬಿ ಸಂಸ್ಥೆ ಈಗಲೇ ತನ್ನ ನಾಲ್ಕು ವೃತ್ತಿಪರ ತಂಡಗಳನ್ನು ಮೂರಕ್ಕಿಳಿಸಲು ಹೊರಟಿದೆ. ಇಂಗ್ಲೆಂಡ್ ಬರದ ಒಂದು ವರ್ಷ ಎಂದರೆ ಅವರಿಗೆ ಮಳೆ ಬಾರದ ಒಂದು ವರ್ಷವಲ್ಲ, ಕೆರೆಯೇ ಒಡೆದಂತೆ. ಏಳನೆಯವರಾಗಿ ಜಾರ್ಜಿಯಾ ಬರಲಿ ಎನ್ನುವವರಿದ್ದಾರೆ. ಬರಲಿ, ಎಲೆ ಹಾಕೋಣ. ಏಳು ತಂಡಕ್ಕೆ ಏಳು ವಾರ ಬೇಕು, ಕ್ಲಬ್ಬುಗಳು ಆಟಗಾರರನ್ನು ಬಿಡಬೇಕು, ಅದು ಅವರವರು ಕೂತು ಬಗೆಹರಿಸಿಕೊಳ್ಳುವ ತಲೆನೋವು. ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುವುದು ಮಾತ್ರ ಬೇಡ.

2025ರ ಮಾರ್ಚ್ 15. ಇಂಗ್ಲೆಂಡ್ ಕಾರ್ಡಿಫ್‌ಗೆ ಬಂದು 68-14ರಿಂದ ಹೊಡೆದು ಹೋಯಿತು. ಹತ್ತು ಟ್ರೈ. ಅಜ್ಜನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ನಮ್ಮ ಮನೆಯಲ್ಲೇ ಟೀವಿ ನೋಡಿದರು. ಐದನೆಯ ಟ್ರೈ ಆದ ಮೇಲೆ ನಾನು ರಿಮೋಟ್‌ಗೆ ಕೈಚಾಚಿದೆ. ಬೇಡ ಎಂದು ತಲೆಯಾಡಿಸಿದರು. ನನ್ನ ಮಗ ಎದ್ದು ಒಳಗೆ ಹೋದ. ಪಂದ್ಯ ಮುಗಿಯಿತು, ಅಜ್ಜ ಆರಿಹೋಗಿದ್ದ ಚಹಾ ಕುಡಿದರು. ಕೋಲು ಊರಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ, ‘ಮುಂದಿನ ವರ್ಷ ಇಂಗ್ಲೆಂಡಿನವರ ಟ್ವಿಕನ್‌ಹ್ಯಾಮ್ ಅಲ್ವೇ? ರೈಲಿನಲ್ಲಿ ಹೋಗುವುದಾದರೆ ನನಗೂ ಒಂದು ಸೀಟು ಹಿಡಿ’ ಎಂದರು.