ಎನ್‌ಡಿಆರ್‌ಎಫ್ ಬಂದೊಡನೆ ಜಿಲ್ಲಾಧಿಕಾರಿಯ ಅಧಿಕಾರ ಮುಗಿಯುವುದಿಲ್ಲ: ಸ್ಪಷ್ಟನೆ

ಪ್ರವಾಹದ ಸ್ಥಳಕ್ಕೆ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡವೋ ಸೇನಾ ತುಕಡಿಯೋ ಬಂದಿಳಿದ ಕ್ಷಣದಿಂದ ಜಿಲ್ಲಾಡಳಿತದ ಅಧಿಕಾರ ಕೊನೆಗೊಂಡು, ಎಲ್ಲವೂ ಸಮವಸ್ತ್ರಧಾರಿ ಅಧಿಕಾರಿಯ ಕೈಗೆ ಹೋಗುತ್ತದೆ ಎಂಬ ಸಂದೇಶ ಚಿಕ್ಕಬಳ್ಳಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವಾಹನ ಸಂಚಾರ ತಡೆಯುವ, ಅಪಾಯದ ಜಾಗಕ್ಕೆ ಜನರ ಪ್ರವೇಶ ನಿರ್ಬಂಧಿಸುವ 34ನೇ ಸೆಕ್ಷನ್ನಿನ ಅಧಿಕಾರವೂ ಈ ಪ್ರಾಧಿಕಾರದ್ದೇ. ಸೇನೆ ನಾಗರಿಕ ಆಡಳಿತದ ಕೋರಿಕೆಯ ಮೇರೆಗೆ ನೆರವಿಗೆ ಬರುತ್ತದೆಯೇ ಹೊರತು ಆಡಳಿತ ವಹಿಸಿಕೊಳ್ಳಲು ಅಲ್ಲ.

ಹಾಗೆಂದು ತಂಡದ ನಾಯಕರು ಬರಿಯ ಆಜ್ಞಾಪಾಲಕರೆಂದೂ ತಿಳಿಯಬೇಕಾಗಿಲ್ಲ. ಕೋಡಿ ಬಿದ್ದ ಕೆರೆಯ ಕೆಳಗಿನ ತೋಟದ ಮನೆಯಲ್ಲಿ ಕುಟುಂಬವೊಂದು ಸಿಲುಕಿದೆ ಎಂದಿಟ್ಟುಕೊಳ್ಳೋಣ: ಅವರನ್ನು ತೆರವುಗೊಳಿಸಬೇಕೆಂಬ ತೀರ್ಮಾನ ಜಿಲ್ಲಾಡಳಿತದ್ದು, ಆದರೆ ಆ ಸೆಳೆತದಲ್ಲಿ ದೋಣಿ ಇಳಿಸಬಹುದೇ, ಹಗ್ಗವನ್ನು ಯಾವ ಮರಕ್ಕೆ ಬಿಗಿಯಬೇಕು, ಕತ್ತಲಾದ ಮೇಲೂ ಸಿಬ್ಬಂದಿಯನ್ನು ನೀರಿಗಿಳಿಸಬೇಕೇ ಎಂಬುದನ್ನು ದಡದಲ್ಲಿ ನಿಂತ ನಾಯಕರೇ ನಿರ್ಧರಿಸಬೇಕಾಗುತ್ತದೆ, ಮತ್ತು ಸ್ಥಳದಲ್ಲಿ ನೆರೆದ ಗಣ್ಯರ ಅವಸರಕ್ಕೆ ಮಣಿಯದಿರುವುದೂ (ಇದೇ ಹೆಚ್ಚು ಕಷ್ಟವೇನೋ) ಅವರ ಕರ್ತವ್ಯವೇ.

ಸಾಮಾನ್ಯವಾಗಿ ಇಂಥಲ್ಲಿಗೆ ಮೊದಲು ತಲುಪುವವರು ಸ್ಥಳೀಯ ಅಗ್ನಿಶಾಮಕ ಸಿಬ್ಬಂದಿ. ತುರ್ತು ಕರೆಗೆ ಸಂಖ್ಯೆ 112.