ಸಲಹೆ ಕೊಡದ ಕೌನ್ಸೆಲಿಂಗ್ ಸಾಕಾ?

ಪರ

ಅಮೆರಿಕದ ರೋಚೆಸ್ಟರ್‌ನಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1928ರಿಂದ ಹನ್ನೆರಡು ವರ್ಷ ಮಕ್ಕಳ ಸಮಸ್ಯೆ ನೋಡುವ ಕೆಲಸದಲ್ಲಿದ್ದರು. ತುಂಟ ಮಗನ ಸಲುವಾಗಿ ಒಬ್ಬ ತಾಯಿ ಅವರ ಬಳಿ ಬರುತ್ತಿದ್ದರು. ಆಕೆ ಮಗನನ್ನು ಮನಸ್ಸಿನಲ್ಲೇ ದೂರ ಇಟ್ಟಿದ್ದಾರೆ, ತೊಂದರೆ ಇರುವುದೇ ಅಲ್ಲಿ ಅಂತ ರೋಜರ್ಸ್‌ಗೆ ಖಚಿತವಾಗಿತ್ತು. ಅದನ್ನು ಆಕೆಗೆ ಮನಗಾಣಿಸಲು ಎಷ್ಟೋ ಭೇಟಿಗಳಲ್ಲಿ ಹೆಣಗಿದರು. ಆಗಲಿಲ್ಲ. ಇಲ್ಲಿಗೆ ನಿಲ್ಲಿಸೋಣ ಎಂದರು. ಆಕೆಯೂ ಒಪ್ಪಿ ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ, ಇಲ್ಲಿ ದೊಡ್ಡವರಿಗೂ ಕೌನ್ಸೆಲಿಂಗ್ ಮಾಡ್ತೀರಾ ಅಂತ ಕೇಳಿದರು. ವಾಪಸ್ ಬಂದು ಕೂತು, ಗಂಡನ ಜೊತೆಗಿನ ಸಂಕಟವನ್ನೆಲ್ಲ ತೋಡಿಕೊಂಡರು. ಅಷ್ಟು ದಿನ ಅದರ ಸುದ್ದಿಯೇ ಬಂದಿರಲಿಲ್ಲ!

ಎಲ್ಲಿ ನೋಯುತ್ತಿದೆ ಅನ್ನುವುದು ನೋಯುತ್ತಿರುವವರಿಗೇ ಗೊತ್ತು. ರೋಜರ್ಸ್ ಕಲಿತದ್ದು ಇದನ್ನೇ. ಹಾಗಾಗಿ ಸಲಹೆ ಕೊಡುವ ಬದಲು ಕೇಳಿಸಿಕೊಳ್ಳುವ ದಾರಿ ಹಿಡಿದರು. ಮುಂದೆ ಅವರು ‘ರೋಗಿ’ ಅನ್ನುವುದನ್ನು ಬಿಟ್ಟು ‘ಕ್ಲೈಂಟ್’ ಅಂದರು. ಎದುರಿಗಿರುವವರ ಸಂಕಟವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಮುಖವಾಡ ಹಾಕದಿರುವುದು. ಕೌನ್ಸೆಲರ್‌ನಲ್ಲಿ ಈ ಮೂರು ಇರಬೇಕು ಎಂದರು.

ನಮ್ಮ ಮನೆಗಳಲ್ಲಿ ಸಲಹೆಗೆ ಬರ ಇಲ್ಲ. ಗಂಡನ ಜೊತೆ ಸರಿಹೋಗುತ್ತಿಲ್ಲ ಅಂತ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಅನ್ನುತ್ತಾರೆ. ಅಣ್ಣ ವಕೀಲರ ನಂಬರ್ ಕೊಡುತ್ತಾನೆ. ಚಿಕ್ಕಮ್ಮ ಹರಕೆ ಹೊರುತ್ತಾರೆ. ಯಾರಿಗೂ ಅವಳ ಮೇಲೆ ಪ್ರೀತಿ ಕಡಿಮೆ ಇಲ್ಲ. ಆದರೆ ಅವಳ ಮಾತು ಇನ್ನೂ ಅರ್ಧಕ್ಕೇ ನಿಂತಿದೆ. ಅದನ್ನು ಪೂರ್ತಿ ಕೇಳುವ ಒಬ್ಬರಾದರೂ ಬೇಕಲ್ವಾ? ಆ ಒಬ್ಬರೂ ತೀರ್ಪು ಕೊಡಲು ಶುರುಮಾಡಿದರೆ ಅವಳು ಅಲ್ಲೂ ಸುಮ್ಮನಾಗುತ್ತಾಳೆ.

ವಿರೋಧ

ಆ ಮೂರು ಗುಣ ಬೇಕು, ನಿಜ. ಆದರೆ ರೋಜರ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಕೌನ್ಸೆಲರ್ ಕಡೆಯಿಂದ ಇಷ್ಟಿದ್ದು, ಅದು ಕ್ಲೈಂಟ್‌ಗೆ ಮುಟ್ಟಿದರೆ ಬದಲಾವಣೆಗೆ ಅಷ್ಟೇ ಸಾಕು ಎಂದು 1957ರಲ್ಲಿ ಬರೆದರು. ನನ್ನ ತಕರಾರು ಆ ‘ಸಾಕು’ ಮೇಲೆ.

ಗೀಳು ಕಾಯಿಲೆಯನ್ನೇ ನೋಡಿ. ಚಿಲಕ ಮುಟ್ಟಿದ ಕೂಡಲೇ ಕೈ ತೊಳೆಯಬೇಕು. ತೊಳೆದು ನಲ್ಲಿ ನಿಲ್ಲಿಸಿದರೆ, ನಲ್ಲಿಯೇ ಗಲೀಜು ಅನಿಸಿ ಮತ್ತೆ ತೊಳೆಯಬೇಕು. ಬೆರಳ ಸಂದಿ ಬಿರಿದು ಉರಿಯುತ್ತದೆ, ಆದರೂ ನಿಲ್ಲಿಸಲಾಗದು. ‘ನಿಮಗೆ ತುಂಬಾ ಕಷ್ಟ ಆಗ್ತಿದೆ’ ಅನ್ನುವ ಮಾತಿನಿಂದ ಸಮಾಧಾನ ಸಿಗಬಹುದು, ನಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಪರೀಕ್ಷಿಸಿ ನೋಡಿದ ವಿಧಾನ ಇದೆ. ಚಿಲಕ ಮುಟ್ಟಿ, ಕೈ ತೊಳೆಯದೆ, ಆ ಭಯ ತಾನಾಗಿ ಇಳಿಯುವ ತನಕ ಕೂರುವುದು. ಅದನ್ನು ಹೇಳಿಕೊಡಬೇಕು, ಪಕ್ಕದಲ್ಲಿದ್ದು ಮಾಡಿಸಬೇಕು. ಗೊತ್ತಿದ್ದೂ ಹೇಳದೆ ಕೂರುವುದನ್ನು ಗೌರವ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾಯುವ ಯೋಚನೆ ಇದೆ ಅಂದವರ ಮುಂದಂತೂ ಸುಮ್ನೆ ತಲೆಯಾಡಿಸುತ್ತಾ ಕೂರುವ ಹಾಗೇ ಇಲ್ಲ. ಆಗ ನೇರವಾಗಿ ಕೇಳಬೇಕು, ಮನೆಯವರನ್ನು ಸೇರಿಸಿಕೊಳ್ಳಬೇಕು.

ಇನ್ನೊಂದು ಮಾತು. ಗುರು-ಶಿಷ್ಯ ಸಂಬಂಧವೇ ಇಲ್ಲಿನ ಚಿಕಿತ್ಸೆಗೆ ಮಾದರಿ ಆಗಬಹುದು ಎಂದು ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಬರೆದಿದ್ದರು. ನಮ್ಮಲ್ಲೂ ಜಾಸ್ತಿ ಜನ ‘ಏನ್ ಮಾಡ್ಲಿ ಹೇಳಿ ಡಾಕ್ಟ್ರೇ’ ಅಂತಲೇ ಬರುತ್ತಾರೆ. ಊರಿಂದ ಎರಡು ಬಸ್ಸು ಹತ್ತಿ, ಆ ದಿನದ ಕೂಲಿ ಬಿಟ್ಟು ಬಂದವರಿಗೆ ‘ನಿಮಗೇನನಿಸುತ್ತೆ?’ ಅಂತ ಮರುಪ್ರಶ್ನೆ ಹಾಕಿದರೆ, ಮುಂದಿನ ವಾರ ಅವರು ಬಸ್ಸು ಹತ್ತುತ್ತಾರಾ?